ಊರ ಮೈದಾನದಲ್ಲಿ ಟೆಲಿಸ್ಕೋಪ್ ಸಂಜೆ: ಹವ್ಯಾಸಿ ಖಗೋಳ ಸಂಘಗಳಿಗೆ ಕೆಲಸದ ಟಿಪ್ಪಣಿ

ಶಾಲೆಯ ಮೈದಾನಕ್ಕೆ ಟೆಲಿಸ್ಕೋಪ್ ಬರುತ್ತದೆಂದು ಸುದ್ದಿಯಾದರೆ ಜನ ಬಂದೇ ಬರುತ್ತಾರೆ. ಬಂದವರಲ್ಲಿ ಎಷ್ಟು ಮಂದಿ ಶನಿಯ ಉಂಗುರವನ್ನೋ ಚಂದ್ರನ ಕುಳಿಗಳನ್ನೋ ನಿಜಕ್ಕೂ ಕಂಡು ಮನೆಗೆ ಹೋದರು ಎಂಬುದು ಬೇರೆಯೇ ಲೆಕ್ಕ. ಐಪೀಸಿಗೆ (ಕಣ್ಣಿಟ್ಟು ನೋಡುವ ಲೆನ್ಸಿನ ಕೊಳವೆ) ಕಣ್ಣಿಟ್ಟು, ಬರೀ ಕತ್ತಲೆ ಕಂಡರೂ, ಹಿಂದಿರುವವರಿಗೆ ತಡವಾಗಬಾರದೆಂದು ‘ಹ್ಞೂಂ, ಕಾಣ್ತು’ ಅಂದು ಪಕ್ಕಕ್ಕೆ ಸರಿಯುವವರು ಪ್ರತಿ ಸಾಲಿನಲ್ಲೂ ಇರುತ್ತಾರೆ. ಆ ‘ಕಾಣ್ತು’ ಸುಳ್ಳಾಗದಂತೆ ನೋಡಿಕೊಳ್ಳುವುದೇ ಸಂಘದ ಕೆಲಸ. ಅದಕ್ಕೆ ದೊಡ್ಡ ಟೆಲಿಸ್ಕೋಪ್ ಬೇಕಿಲ್ಲ. ಸರಿಯಾದ ದಿನ, ಸರಿಹೊಂದಿಸಿದ ಕನ್ನಡಿ, ಲೆಕ್ಕ ಹಾಕಿ ನಿಲ್ಲಿಸಿದ ಸಾಲು ಬೇಕು.

ಇಲ್ಲಿರುವ ಅಂಕಿಗಳೆಲ್ಲ ನಮ್ಮ ಕಡೆ ಸಂಘಗಳಲ್ಲಿ ಸಾಮಾನ್ಯವಾಗಿರುವ, ತಿರುಗುವ ಪೆಟ್ಟಿಗೆಯ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪಾದ ಆರು ಇಂಚಿನ ಡಾಬ್ಸೋನಿಯನ್‌ಗೆ ಹೊಂದುತ್ತವೆ: ಕನ್ನಡಿಯ ಅಗಲ 150 ಮಿ.ಮೀ., ನಾಭಿದೂರ 1200 ಮಿ.ಮೀ. ಇದಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120 ಪಟ್ಟು ದೊಡ್ಡದಾಗಿ ಕಾಣುತ್ತದೆ. ಸಾರ್ವಜನಿಕರಿಗೆ ತೋರಿಸಲು ಈ ಎರಡೇ ಸಾಕು. ಡಬ್ಬಿಯ ಮೇಲೆ 500 ಪಟ್ಟು ಎಂದು ಬರೆದು ಮಾರುವ ಆಟಿಕೆ ಟೆಲಿಸ್ಕೋಪುಗಳನ್ನು ಸಾಲಿನ ಮುಂದೆ ಇಡಬೇಡಿ. ಕಾಲು ಅಲುಗಾಡುವ ಸ್ಟ್ಯಾಂಡಿನಲ್ಲಿ ಅಷ್ಟು ಹಿಗ್ಗಿಸಿದರೆ ಕಾಣುವುದು ನಡುಗುವ ಮಸುಕು ಮಾತ್ರ.

ದಿನ ಗೊತ್ತುಮಾಡುವುದು

ಗೋಡೆಯ ಮೇಲಿನ ಪಂಚಾಂಗ ಈ ಕೆಲಸಕ್ಕೆ ಬಹಳ ಒಳ್ಳೆಯ ಉಪಕರಣ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಹಾಗಾಗಿ ತಿಥಿ ನೋಡಿದರೆ ಚಂದ್ರ ಎಷ್ಟು ಬೆಳೆದಿದ್ದಾನೆ, ಸಂಜೆ ಎಲ್ಲಿರುತ್ತಾನೆ, ಎಷ್ಟು ಹೊತ್ತಿಗೆ ಮುಳುಗುತ್ತಾನೆ ಎಲ್ಲವೂ ತಿಳಿಯುತ್ತದೆ. ಶುಕ್ಲ ಅಷ್ಟಮಿಯ ನಡುವಿಗೆ ಈ ಅಂತರ 90 ಡಿಗ್ರಿಯಾಗುತ್ತದೆ. ಅದೇ ಅರ್ಧಚಂದ್ರ, ಸೂರ್ಯಾಸ್ತದ ಹೊತ್ತಿಗೆ ಆಕಾಶದಲ್ಲಿ ಬಹಳ ಎತ್ತರದಲ್ಲಿರುತ್ತಾನೆ.

ಮೊದಲ ಸಲ ನಡೆಸುವ ಸಂಘಕ್ಕೆ ಶುಕ್ಲ ಪಂಚಮಿಯಿಂದ ದಶಮಿಯವರೆಗಿನ ಒಂದು ಸಂಜೆಯೇ ಒಳ್ಳೆಯದು. ಬೆಳಕು ಕತ್ತಲೆ ಸಂಧಿಸುವ ಗೆರೆಯ ಮೇಲೆ ಸೂರ್ಯನ ಬೆಳಕು ಓರೆಯಾಗಿ ಬೀಳುವುದರಿಂದ ಕುಳಿಗಳ ಅಂಚು, ಬೆಟ್ಟಗಳ ನೆರಳು ಎಲ್ಲ ಕೆತ್ತಿದಂತೆ ಕಾಣುತ್ತವೆ. ಹುಣ್ಣಿಮೆಯ ದಿನ ಜನ ಹೆಚ್ಚು ಬಂದಾರು ಎಂಬ ಆಸೆಗೆ ಬೀಳಬೇಡಿ. ಅಂದು ಬೆಳಕು ನೇರವಾಗಿ ಬೀಳುತ್ತದೆ, ನೆರಳೇ ಇರುವುದಿಲ್ಲ, ಚಂದ್ರ ಸುಣ್ಣ ಬಳಿದ ತಟ್ಟೆಯಂತೆ ಕಣ್ಣು ಕುಕ್ಕುತ್ತಾನೆ. ಬೇರೆ ನಕ್ಷತ್ರಗಳೂ ಆ ಬೆಳಕಿನಲ್ಲಿ ಮುಳುಗಿಹೋಗುತ್ತವೆ.

ನಕ್ಷತ್ರಗುಚ್ಛ, ನೀಹಾರಿಕೆ ತೋರಿಸುವುದಾದರೆ ಕೃಷ್ಣ ಪಕ್ಷ ಬೇಕು. ಕೃಷ್ಣ ಪಂಚಮಿಯಂದು ಚಂದ್ರ ಸುಮಾರು ಹತ್ತು ಗಂಟೆಗೆ, ಅಷ್ಟಮಿಯಂದು ನಡುರಾತ್ರಿಯ ಹೊತ್ತಿಗೆ ಹುಟ್ಟುತ್ತಾನೆ. ಅಷ್ಟಮಿಯ ನಂತರದ ಯಾವ ಸಂಜೆಯಾದರೂ ಸರಿ. ಅಮಾವಾಸ್ಯೆಯ ದಿನವೇ ಇಟ್ಟರೆ ಕೆಲವು ಮನೆಗಳಿಂದ ಮಕ್ಕಳನ್ನು ಹೊರಗೆ ಕಳಿಸುವುದಿಲ್ಲ. ಅದರ ಹಿಂದಿನ ಶನಿವಾರ ಹಿಡಿದರೆ ಕತ್ತಲೆಯೂ ಸಿಗುತ್ತದೆ, ಮಕ್ಕಳೂ ಸಿಗುತ್ತಾರೆ.

ಬಯಲುಸೀಮೆಗೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಮಲೆನಾಡಿನಲ್ಲಿ ಚಳಿಗಾಲದ ರಾತ್ರಿ ಮಂಜು ಇಳಿಯುವುದರಿಂದ ಒಂಬತ್ತರೊಳಗೆ ಮುಗಿಸುವ ಲೆಕ್ಕ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ, ಆದರೆ ಮಳೆ ಬಂದು ಹೋದ ಮರುರಾತ್ರಿ ಧೂಳು ತೊಳೆದುಹೋಗಿ ಆಕಾಶ ಅಪರೂಪಕ್ಕೆ ಕಪ್ಪಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಉಪಕರಣಗಳ ರಿಪೇರಿಗೆ.

ಜಾಗ

ತಾರಸಿಗಿಂತ ನೆಲ ಮೇಲು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ. ಆ ಗಾಳಿಯ ಮೂಲಕ ನೋಡಿದರೆ ಗುರುಗ್ರಹ ನೀರಿನಡಿಯ ನಾಣ್ಯದಂತೆ ಕುಲುಕುತ್ತದೆ. ಜೊತೆಗೆ ತಾರಸಿಯಲ್ಲಿ ಒಬ್ಬರು ನಡೆದರೆ ಸಾಕು, 120 ಪಟ್ಟಿನಲ್ಲಿ ಚಿತ್ರ ಕುಣಿಯುತ್ತದೆ. ಹುಲ್ಲು ನೆಲ ಸಿಕ್ಕರೆ ಬಹಳ ಒಳ್ಳೆಯದು. ಗಟ್ಟಿ ಮಣ್ಣಾದರೂ ಆದೀತು.

ಒಂದು ವಾರ ಮೊದಲು, ಅದೇ ಗಂಟೆಗೆ ಹೋಗಿ ನಿಂತು ನೋಡಿ. ಹಗಲು ನೋಡಿದರೆ ಬೀದಿದೀಪ ಎಲ್ಲಿ ಹೊಡೆಯುತ್ತದೆ ಎಂದು ಗೊತ್ತಾಗುವುದಿಲ್ಲ. ಗ್ರಾಮ ಪಂಚಾಯಿತಿಗೆ ಪತ್ರ ಕೊಟ್ಟು, ಊರಿನ ಲೈನ್‌ಮನ್‌ಗೆ ಮುಂಚಿತವಾಗಿ ಹೇಳಿದರೆ ಮೈದಾನದ ಪಕ್ಕದ ದೀಪಗಳನ್ನು ಎರಡು ಗಂಟೆ ಆರಿಸುವುದು ಕಷ್ಟವಲ್ಲ. ಶಾಲೆಯ ಹೆಡ್‌ಮಾಸ್ಟರ ಲಿಖಿತ ಒಪ್ಪಿಗೆ, ಪೊಲೀಸ್ ಠಾಣೆಗೊಂದು ಮಾತು, ಶೌಚಾಲಯದ ಬೀಗದ ಕೈ, ಕುಡಿಯುವ ನೀರು ಇವಿಷ್ಟೂ ಹಗಲೇ ಖಚಿತವಾಗಬೇಕು. ಮೈದಾನದ ಅಂಚಿನ ಪೊದೆಗಳ ಕಡೆ ಯಾರೂ ಹೋಗದಂತೆ ಹಗ್ಗ ಕಟ್ಟಿಸಿ. ಕತ್ತಲಲ್ಲಿ ಮಕ್ಕಳು ಓಡುತ್ತಾರೆ, ಹಾವು ಇರಬಹುದು.

ಆಕಾಶ ಎಷ್ಟು ಕತ್ತಲಿದೆ ಎಂದು ತಿಳಿಯಲು ಚಳಿಗಾಲದಲ್ಲಿ ಕೃತ್ತಿಕೆಯನ್ನು ಎಣಿಸಿ. ಕಣ್ಣು ಕತ್ತಲೆಗೆ ಒಗ್ಗಲು 20-30 ನಿಮಿಷ ಕೊಟ್ಟು, ಆಮೇಲೆ ಬರಿಗಣ್ಣಿಗೆ ಆರು ಚುಕ್ಕಿ ಬಿಡಿಬಿಡಿಯಾಗಿ ಕಂಡರೆ ನೀಹಾರಿಕೆ ತೋರಿಸಬಹುದಾದ ಜಾಗ. ಮೂರ್ನಾಲ್ಕೇ ಕಂಡರೆ ಚಂದ್ರ, ಗ್ರಹ, ಜೋಡಿ ನಕ್ಷತ್ರಗಳಿಗೆ ಸೀಮಿತವಾಗುವುದು ಒಳ್ಳೆಯದು. ಅವಕ್ಕೆ ಊರ ಬೆಳಕು ಅಷ್ಟಾಗಿ ಅಡ್ಡಿಯಲ್ಲ.

ಬೆಳಕಿರುವಾಗಲೇ ಮುಗಿಯಬೇಕಾದ್ದು

ಗ್ರಹಗಳು ಮಸುಕಾಗಿ ಕಂಡಾಗ ಜನ ಲೆನ್ಸನ್ನೋ ಗಾಳಿಯನ್ನೋ ದೂರುತ್ತಾರೆ. ಬಹುಪಾಲು ತಪ್ಪು ಕನ್ನಡಿಗಳ ಹೊಂದಾಣಿಕೆಯದು, ಅಂದರೆ ಕಾಲಿಮೇಶನ್ ಕೆಟ್ಟಿರುವುದು. ಹಳ್ಳಿರಸ್ತೆಯಲ್ಲಿ ಕಾರಿನ ಹಿಂದಿನ ಸೀಟಿನ ಮೇಲೆ ಕುಲುಕುತ್ತ ಬಂದ ಟ್ಯೂಬ್ ಸರಿಯಾಗಿದೆ ಎಂದು ನಂಬಲೇಬೇಡಿ. ಪ್ರತಿ ಸಲ ಜಾಗಕ್ಕೆ ಬಂದ ಮೇಲೆ ನೋಡಿ.

ಲೇಸರ್ ಸಾಧನ ಕಡ್ಡಾಯವಲ್ಲ. ಹಳೆಯ ಕ್ಯಾಮೆರಾ ರೀಲಿನ ಪ್ಲಾಸ್ಟಿಕ್ ಡಬ್ಬಿ, ಐಪೀಸ್ ಕೂರಿಸುವ ಒಂದೂಕಾಲು ಇಂಚಿನ ಕೊಳವೆಯಾದ ಫೋಕಸರ್‌ನಲ್ಲಿ ಚೆನ್ನಾಗಿ ಕೂರುತ್ತದೆ. ಅದರ ತಳ ಕತ್ತರಿಸಿ, ಮುಚ್ಚಳದ ನಟ್ಟನಡುವೆ 2 ಮಿ.ಮೀ. ತೂತು ಮಾಡಿ. ಡಬ್ಬಿ ಸಿಗದಿದ್ದರೆ ಫೋಕಸರ್‌ನ ಧೂಳುಮುಚ್ಚಳಕ್ಕೇ ತೂತು ಹಾಕಬಹುದು. ಟ್ಯೂಬಿನ ತಳದಲ್ಲಿರುವ ದೊಡ್ಡ ಕನ್ನಡಿಯ ಮಧ್ಯದಲ್ಲಿ ಚಿಕ್ಕ ಉಂಗುರದ ಗುರುತು ಇರಬೇಕು. ಹೆಚ್ಚಿನ ಟೆಲಿಸ್ಕೋಪುಗಳಲ್ಲಿ ಅಂಟಿಸಿಯೇ ಬರುತ್ತದೆ.

ಟ್ಯೂಬನ್ನು ನೆಲಕ್ಕೆ ಸಮಾಂತರವಾಗಿ ಮಲಗಿಸಿ. ನಿಲ್ಲಿಸಿಕೊಂಡು ಮಾಡಿದರೆ ಕೈತಪ್ಪಿದ ಅಲೆನ್ ಕೀ ನೇರವಾಗಿ ದೊಡ್ಡ ಕನ್ನಡಿಯ ಮೇಲೆ ಬೀಳುತ್ತದೆ. ತೂತಿನಲ್ಲಿ ನೋಡುತ್ತ, ಮೊದಲು ಟ್ಯೂಬಿನ ಬಾಯಿಯ ಬಳಿಯ ಚಿಕ್ಕ ಕನ್ನಡಿ ಫೋಕಸರ್‌ನ ಕೆಳಗೆ ನಡುವಲ್ಲಿದೆಯೇ, ಪೂರ್ತಿ ದುಂಡಗೆ ಕಾಣುತ್ತಿದೆಯೇ ನೋಡಿ. ಆಮೇಲೆ ಚಿಕ್ಕ ಕನ್ನಡಿಯ ಹಿಂದಿನ ಮೂರು ತಿರುಪುಗಳಿಂದ ಅದರ ವಾಲಿಕೆಯನ್ನು ಬದಲಿಸುತ್ತ ದೊಡ್ಡ ಕನ್ನಡಿಯ ಉಂಗುರದ ಗುರುತನ್ನು ನಡುವಿಗೆ ತನ್ನಿ. ಒಂದು ತಿರುಪನ್ನು ಕಾಲು ಸುತ್ತು ಸಡಿಲಿಸಿದರೆ ಮಾತ್ರ ಇನ್ನೊಂದನ್ನು ಬಿಗಿ ಮಾಡಿ. ಮೂರನ್ನೂ ಬಿಗಿಯುತ್ತ ಹೋದರೆ ಕೊನೆಗೆ ಯಾವುದೂ ಅಲುಗುವುದಿಲ್ಲ. ಕೊನೆಯದಾಗಿ ಟ್ಯೂಬಿನ ತಳದ ತಿರುಪುಗಳಿಂದ ದೊಡ್ಡ ಕನ್ನಡಿಯನ್ನು ವಾಲಿಸುತ್ತ, ನಿಮ್ಮದೇ ತೂತಿನ ಪ್ರತಿಬಿಂಬ ಆ ಉಂಗುರದೊಳಗೆ ಬಂದು ಕೂರುವಂತೆ ಮಾಡಿ. ಇಲ್ಲಿ ಇಬ್ಬರಿದ್ದರೆ ಸುಲಭ: ಒಬ್ಬರು ನೋಡುವುದು, ಇನ್ನೊಬ್ಬರು ತಿರುಗಿಸುವುದು. ಕನ್ನಡಿ ಕದಲದಂತೆ ಹಿಡಿಯುವ ಬೀಗತಿರುಪುಗಳನ್ನು ಜೋರಾಗಿ ಬಿಗಿದರೆ ಕನ್ನಡಿ ಮತ್ತೆ ಸರಿಯುತ್ತದೆ. ಬೆರಳಿನ ಬಿಗಿ ಸಾಕು, ಬಿಗಿದ ಮೇಲೆ ಇನ್ನೊಮ್ಮೆ ನೋಡಿ.

ಕತ್ತಲಾದ ಮೇಲೆ ನಕ್ಷತ್ರವೊಂದರಿಂದ ಪರೀಕ್ಷೆ. 120 ಪಟ್ಟಿನಲ್ಲಿ ಫೋಕಸನ್ನು ತುಸು ಕೆಡಿಸಿದರೆ ಕಾಣುವ ಬಳೆಗಳು ಒಂದರೊಳಗೊಂದು ಸಮನಾಗಿರಬೇಕು. ಒಂದು ಕಡೆ ಒತ್ತಿಕೊಂಡಿದ್ದರೆ ಹೊಂದಾಣಿಕೆ ಮುಗಿದಿಲ್ಲ. ಜಾಗ ಬಿಟ್ಟು ಕದಲದು ಎಂದು ಇದಕ್ಕೆ ಧ್ರುವ ನಕ್ಷತ್ರವನ್ನು ಬಳಸಲು ಹೇಳುವ ಪುಸ್ತಕಗಳಿವೆ. ನಮಗೆ ಅದು ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಧ್ರುವ ಕೇವಲ 13 ಡಿಗ್ರಿ, ಬೀದರಿನಲ್ಲೂ 18 ಡಿಗ್ರಿಯಷ್ಟೇ ಎತ್ತರ. ಅಷ್ಟು ಕೆಳಗಿನ ದಪ್ಪ ಗಾಳಿಯಲ್ಲಿ ಬಳೆಗಳು ಕುದಿಯುತ್ತವೆ. ನೆತ್ತಿಯ ಹತ್ತಿರದ ನಕ್ಷತ್ರವನ್ನು ಹಿಡಿದು, ಸರಿದಂತೆಲ್ಲ ನಡುವಿಗೆ ತಂದುಕೊಳ್ಳುವುದೇ ಸರಿ.

ಫೈಂಡರನ್ನೂ (ಗುರಿ ಹಿಡಿಯಲು ಟ್ಯೂಬಿನ ಮೇಲಿರುವ ಚಿಕ್ಕ ಸಾಧನ) ಬೆಳಕಿರುವಾಗಲೇ ಸರಿಹೊಂದಿಸಿ: ಒಂದು ಕಿಲೋಮೀಟರಾದರೂ ದೂರದ ಮೊಬೈಲ್ ಟವರ್ ಅಥವಾ ತೆಂಗಿನ ಮರದ ಸುಳಿಯನ್ನು ಐಪೀಸಿನ ನಡುವಿಗೆ ತಂದು, ಫೈಂಡರಿನ ಗುರುತೂ ಅಲ್ಲೇ ಬರುವಂತೆ ಮಾಡಿ. ಸೂರ್ಯ ಮುಳುಗಿದ ಮೇಲೆಯೇ, ಮುಸ್ಸಂಜೆಯ ಬೆಳಕಿನಲ್ಲಿ ಈ ಕೆಲಸ ಶುರುಮಾಡಿ. ಸೂರ್ಯನಿರುವಾಗ ಟೆಲಿಸ್ಕೋಪನ್ನು ಮುಚ್ಚಳವಿಲ್ಲದೆ ಮೈದಾನದಲ್ಲಿ ಬಿಟ್ಟು ಹೋಗುವಂತೆಯೇ ಇಲ್ಲ, ಒಂದು ಕ್ಷಣದ ಕುತೂಹಲಕ್ಕೆ ಮಗುವಿನ ಕಣ್ಣು ಹೋಗುತ್ತದೆ. ಕೆಂಪು ಚುಕ್ಕಿಯ ಫೈಂಡರಾದರೆ ಒಂದು ಹೆಚ್ಚುವರಿ ಗುಂಡಿ ಬ್ಯಾಟರಿ ಜೇಬಿನಲ್ಲಿರಲಿ. ಕಳೆದ ಸಲ ಆರಿಸಲು ಮರೆತದ್ದು ಈ ಸಲ ಗೊತ್ತಾಗುತ್ತದೆ.

ಮುಚ್ಚಳ ತೆಗೆದ ಟ್ಯೂಬ್ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹೊರಗೆ ಆರಬೇಕು. ಕನ್ನಡಿಯ ಗಾಜು ಹೊರಗಿನ ತಂಪಿಗೆ ಇಳಿಯುವವರೆಗೆ ಟ್ಯೂಬಿನೊಳಗೇ ಬಿಸಿಗಾಳಿ ಏಳುತ್ತಿರುತ್ತದೆ.

ಸಾಲಿನ ಲೆಕ್ಕ

160 ಜನ, ಎರಡು ಟೆಲಿಸ್ಕೋಪ್. ಒಬ್ಬರು ಬಂದು, ಕಣ್ಣಿಟ್ಟು, ನೋಡಿ, ಸರಿಯಲು 40 ಸೆಕೆಂಡು. ಒಂದು ಟೆಲಿಸ್ಕೋಪಿಗೆ 80 ಜನವೆಂದರೆ ಒಂದು ಸುತ್ತಿಗೆ 53 ನಿಮಿಷ. ಏಳಕ್ಕೆ ಶುರುಮಾಡಿ ಒಂಬತ್ತಕ್ಕೆ ಮಕ್ಕಳನ್ನು ಮನೆಗೆ ಕಳಿಸಬೇಕಾದರೆ ಎರಡೇ ಸುತ್ತು, ಅಂದರೆ ಒಬ್ಬರಿಗೆ ಎರಡೇ ನೋಟ. ಕರಪತ್ರದಲ್ಲಿ ಹತ್ತು ಆಕಾಶಕಾಯಗಳ ಹೆಸರು ಹಾಕುವ ಮೊದಲು ಈ ಲೆಕ್ಕ ಮಾಡಿ.

ಭೂಮಿ ತಿರುಗುವುದರಿಂದ ನೋಟದಲ್ಲಿರುವ ವಸ್ತು ಜಾರುತ್ತಲೇ ಇರುತ್ತದೆ. ಪ್ಲೋಸ್ಲ್ ಎಂಬ ಸಾಮಾನ್ಯ ಬಗೆಯ ಐಪೀಸಿನಲ್ಲಿ, 120 ಪಟ್ಟಿಗೆ, ಗ್ರಹವೊಂದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಹಿಡಿಯುವುದು ಸುಮಾರು ಒಂದು ಮುಕ್ಕಾಲು ನಿಮಿಷ. 48 ಪಟ್ಟಿಗೆ ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು. ಗ್ರಹವನ್ನು ನಟ್ಟನಡುವೆ ಇಟ್ಟರೆ ಒಬ್ಬರು ನೋಡಿ ಮುಗಿಸುವಷ್ಟರಲ್ಲಿ ಅಂಚು ಸೇರಿರುತ್ತದೆ. ಅದು ಒಳಬರುವ ಅಂಚಿನ ಹತ್ತಿರ ಇಡಿ, ಇಬ್ಬರಿಗೆ ಸಾಕಾಗುತ್ತದೆ. ಪ್ರತಿ ಇಬ್ಬರಿಗೊಮ್ಮೆ ನಡೆಸುವವರು ತಾವೇ ಕಣ್ಣಿಟ್ಟು ಸರಿಪಡಿಸಬೇಕು. ಇದನ್ನು ಮರೆತಾಗಲೇ ‘ಕಾಣ್ತು’ ಎಂಬ ಸುಳ್ಳು ಶುರುವಾಗುವುದು.

ಸುಳ್ಳನ್ನು ಹಿಡಿಯುವ ದಾರಿ ಒಂದು ಪ್ರಶ್ನೆ. ‘ಕಾಣ್ತಾ?’ ಎಂದು ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ‘ಗುರುವಿನ ಪಕ್ಕ ಎಷ್ಟು ಚುಕ್ಕಿ ಇವೆ, ಅಜ್ಜಿ?’, ‘ಉಂಗುರ ಯಾವ ಕಡೆ ವಾಲಿದೆ, ಪುಟ್ಟಾ?’ ಎಂದು ಕೇಳಿ. ಉತ್ತರ ಬಂದರೆ ಕಂಡಿದೆ. ತಡವರಿಸಿದರೆ ಫೋಕಸಿನ ಗುಂಡಿಯ ಮೇಲೆ ಅವರ ಬೆರಳನ್ನೇ ಇಡಿಸಿ, ನಿಧಾನವಾಗಿ ತಿರುಗಿಸಲು ಹೇಳಿ. ಒಬ್ಬರ ಫೋಕಸ್ ಇನ್ನೊಬ್ಬರಿಗೆ ಆಗುವುದಿಲ್ಲ. ದೂರದ್ದು ಕಾಣದೆ ಕನ್ನಡಕ ಹಾಕಿದವರು ಅದನ್ನು ತೆಗೆದು ಫೋಕಸ್ ಮಾಡಿಕೊಳ್ಳಬಹುದು. ಆದರೆ ಕನ್ನಡಕದಲ್ಲಿ ಸಿಲಿಂಡರ್ ನಂಬರ್ (ಅಸ್ಟಿಗ್ಮ್ಯಾಟಿಸಂ ದೋಷಕ್ಕೆ ಕೊಡುವುದು) ಇರುವವರು ಹಾಕಿಕೊಂಡೇ ನೋಡಲಿ. ಚಿಕ್ಕ ಮಕ್ಕಳು ಒಂದೇ ಕಣ್ಣು ಮುಚ್ಚಲಾರದೆ ಎರಡನ್ನೂ ಮುಚ್ಚಿಬಿಡುತ್ತಾರೆ. ಅವರ ಅಂಗೈಯಿಂದಲೇ ಒಂದು ಕಣ್ಣನ್ನು ಮುಚ್ಚಿಸಿ.

ಮಕ್ಕಳಿಗೆ ಪ್ಲಾಸ್ಟಿಕ್ ಸ್ಟೂಲ್ ಬೇಡ, ಜಾರುತ್ತದೆ. ಗಟ್ಟಿ ಮರದ ಕುರ್ಚಿಯನ್ನು ಅದರ ಬೆನ್ನು ಟೆಲಿಸ್ಕೋಪಿನ ಕಡೆ ಬರುವಂತೆ ಇಟ್ಟರೆ, ಮೇಲೆ ಹತ್ತಿದ ಮಗು ಆ ಬೆನ್ನನ್ನು ಹಿಡಿಯುತ್ತದೆ. ಹಿಡಿಯಲು ಏನೂ ಇಲ್ಲದಿದ್ದರೆ ಐಪೀಸನ್ನೇ ಹಿಡಿದು ಜೋತುಬೀಳುತ್ತದೆ, ಗ್ರಹ ಅಲ್ಲಿಂದ ಕಾಣೆಯಾಗುತ್ತದೆ.

ಸಾಲಿನ ಬಾಲದಲ್ಲಿ ಮಾತು ಬಲ್ಲ ಒಬ್ಬರಿರಲಿ. ಜನ ಚಿತ್ರಗಳಲ್ಲಿ ಕಂಡ ಬಣ್ಣದ ದೊಡ್ಡ ಶನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ. ಕೈ ಚಾಚಿ ಹಿಡಿದ ಕಾಳಿಗೆ ಹೋಲಿಸಿ ಮೊದಲೇ ಹೇಳಬೇಕು: ಶನಿಯ ಗೋಳ 48 ಪಟ್ಟಿನಲ್ಲಿ ಸಾಸಿವೆಯಷ್ಟು, 120 ಪಟ್ಟಿನಲ್ಲಿ ತೊಗರಿ ಕಾಳಿನಷ್ಟು, ಸುತ್ತ ಉಂಗುರ. ಹೀಗೆ ಹೇಳಿಸಿಕೊಂಡು ಬಂದವರು ನಿರಾಶರಾಗುವುದಿಲ್ಲ, ಹುಡುಕಿ ನೋಡುತ್ತಾರೆ.

ಏನನ್ನು ತೋರಿಸುವುದು

ಚಂದ್ರನಿದ್ದರೆ ಚಂದ್ರನೇ ಮೊದಲು. ಆಗ ತಪ್ಪದೆ ಬರುವ ಪ್ರಶ್ನೆ: ‘ಚಂದ್ರಯಾನ ಇಳಿದದ್ದು ಎಲ್ಲಿ? ಕಾಣುತ್ತದಾ?’ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ 2023ರ ಆಗಸ್ಟ್ 23ರ ಸಂಜೆ, ಶುಕ್ಲ ಸಪ್ತಮಿಯಂದು, ದಕ್ಷಿಣಕ್ಕೆ ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿ, ಮ್ಯಾಂಜಿನಸ್ ಕುಳಿಯ ಸಮೀಪ ಇಳಿಯಿತು. ಆರು ಇಂಚಿನ ಟೆಲಿಸ್ಕೋಪಿಗೆ ಚಂದ್ರನ ಮೇಲೆ ಬಿಡಿಸಿ ಕಾಣುವ ಅತಿ ಚಿಕ್ಕ ವಿವರವೇ ಒಂದೂವರೆ ಕಿಲೋಮೀಟರಿನಷ್ಟು. ಕೆಲವೇ ಮೀಟರಿನ ವಿಕ್ರಮ್ ಯಾವ ಐಪೀಸಿಗೂ ಸಿಗದು. ಆದರೆ ಆ ಕುಳಿಗಳ ಒತ್ತೊತ್ತಾದ ದಕ್ಷಿಣದ ಅಂಚನ್ನು ತೋರಿಸಬಹುದು. ಡಾಬ್ಸೋನಿಯನ್‌ನಲ್ಲಿ ಚಿತ್ರ ತಲೆಕೆಳಗಾಗಿರುವುದನ್ನು ಮಾತ್ರ ನೆನಪಿಟ್ಟು ಹೇಳಿ, ಇಲ್ಲವಾದರೆ ಉತ್ತರವನ್ನು ದಕ್ಷಿಣವೆಂದು ತೋರಿಸಿಬಿಡುತ್ತೀರಿ.

ಗುರುವಿನ ನಾಲ್ಕು ಉಪಗ್ರಹಗಳು 48 ಪಟ್ಟಿಗೇ ಸ್ಪಷ್ಟ. ಪಟ್ಟೆಗಳಿಗೆ 120 ಬೇಕು. ಶನಿಯ ಉಂಗುರ 2025ರ ಮಾರ್ಚಿನಲ್ಲಿ ನಮಗೆ ಅಂಚಾಗಿ ತಿರುಗಿತ್ತು. ಈಗ ವರ್ಷದಿಂದ ವರ್ಷಕ್ಕೆ ಬಿಚ್ಚಿಕೊಳ್ಳುತ್ತದೆ, 2032ರ ಸುಮಾರಿಗೆ ಪೂರ್ತಿ ತೆರೆದಿರುತ್ತದೆ.

ಚಳಿಗಾಲದ ಕತ್ತಲೆಗೆ ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳ ಕೆಳಗಿರುವ ನೀಹಾರಿಕೆಗೆ ಸಮನಾದ್ದಿಲ್ಲ. 48 ಪಟ್ಟಿನಲ್ಲಿ ಇಡಿ. ಕೃತ್ತಿಕೆಯನ್ನು ಟೆಲಿಸ್ಕೋಪಿಗೆ ತರಬೇಡಿ, ಆ ಗುಚ್ಛ ನೋಟದೊಳಗೆ ಹಿಡಿಸುವುದೇ ಇಲ್ಲ. ಅದಕ್ಕೆ 10×50 (ಹತ್ತು ಪಟ್ಟು, 50 ಮಿ.ಮೀ. ಲೆನ್ಸಿನ) ಬೈನಾಕ್ಯುಲರ್ ಒಳ್ಳೆಯದು. ಆಂಡ್ರೊಮಿಡಾ ಗೆಲಾಕ್ಸಿಯನ್ನು ಊರ ಬೆಳಕಿನಲ್ಲಿ ಸಾರ್ವಜನಿಕರಿಗೆ ತೋರಿಸದಿರುವುದೇ ಮೇಲು. 25 ಲಕ್ಷ ಜ್ಯೋತಿರ್ವರ್ಷ ಎಂದು ಎಷ್ಟು ಹೇಳಿದರೂ ಕಾಣುವುದು ಒರೆಸಿದ ಸೀಮೆಸುಣ್ಣದ ಗುರುತು.

ಬೇಸಿಗೆಯ ರಾತ್ರಿ ದಕ್ಷಿಣ ಭಾರತದವರಿಗೆ ವಿಶೇಷ ಸವಲತ್ತೊಂದಿದೆ. ಸಪ್ತರ್ಷಿ ಮಂಡಲದ ವಸಿಷ್ಠ, ನಡುವೆ ಚಿತ್ರಾ, ಕೆಳಗೆ ಒಮೆಗಾ ಸೆಂಟಾರಿ ಎಂಬ ಗೋಳಗುಚ್ಛ (ಉಂಡೆಯಂತೆ ಒತ್ತಾಗಿ ಕೂಡಿದ ನಕ್ಷತ್ರಗಳ ಗುಂಪು), ಈ ಮೂರೂ ಬಹುತೇಕ ಒಂದೇ ಉತ್ತರ-ದಕ್ಷಿಣ ಗೆರೆಯಲ್ಲಿವೆ. ಮೇ ಕೊನೆಯ ವಾರ ರಾತ್ರಿ ಒಂಬತ್ತೂವರೆಗೆ ಮೂರೂ ಒಟ್ಟಿಗೆ ತಮ್ಮ ಗರಿಷ್ಠ ಎತ್ತರಕ್ಕೆ ಬರುತ್ತವೆ. ಉತ್ತರಕ್ಕೆ ತಿರುಗಿ ಮೊದಲು ವಸಿಷ್ಠ-ಅರುಂಧತಿ ತೋರಿಸಿ. ಮದುವೆಯಲ್ಲಿ ಪುರೋಹಿತರು ಬೆರಳು ತೋರಿದ ಕಡೆ ನೋಡಿ ತಲೆಯಾಡಿಸಿದವರೆಲ್ಲ ಇದಕ್ಕೆ ಆಸೆಯಿಂದ ಬರುತ್ತಾರೆ. 48 ಪಟ್ಟಿನಲ್ಲಿ ಇಬ್ಬರೂ ಒಂದೇ ನೋಟದಲ್ಲಿರುತ್ತಾರೆ, ಜೊತೆಗೆ ವಸಿಷ್ಠನೇ ಎರಡು ನಕ್ಷತ್ರಗಳಾಗಿ ಬಿಡಿಸಿಕೊಳ್ಳುತ್ತಾನೆ. ಆಮೇಲೆ ದಕ್ಷಿಣಕ್ಕೆ ತಿರುಗಿ, ಚಿತ್ರಾದಿಂದ ನೇರ ಕೆಳಗೆ, ಕೈ ಚಾಚಿ ಹಿಡಿದ ಮುಷ್ಟಿಯಿಂದ ಮೂರೂವರೆ ಮುಷ್ಟಿ ಇಳಿಯಿರಿ. ಬೈನಾಕ್ಯುಲರ್‌ಗೆ ಮಂಜಿನ ಉಂಡೆ ಸಿಗುತ್ತದೆ. ಟೆಲಿಸ್ಕೋಪಿನಲ್ಲಿ ಅದು ರವೆ ಚೆಲ್ಲಿದಂತೆ ಪುಡಿಪುಡಿಯಾಗಿ ಒಡೆಯುತ್ತದೆ. ಬೆಂಗಳೂರಿನಲ್ಲಿ ಅದರ ಎತ್ತರ ಸುಮಾರು 30 ಡಿಗ್ರಿ, ಹಾಗಾಗಿ ದಕ್ಷಿಣದ ದಿಗಂತ ತೆರೆದಿರುವ ಜಾಗ ಬೇಕು. ಯುರೋಪಿನ ಬಹುಪಾಲು ಊರುಗಳಿಂದ ಇದು ಕಾಣುವುದೇ ಇಲ್ಲ.

ಜನರಿಲ್ಲದ ರಾತ್ರಿ: ಉಲ್ಕೆ ಎಣಿಕೆ

ಸಂಘದ ಸದಸ್ಯರಿಗಷ್ಟೇ ಒಂದು ರಾತ್ರಿ ಬೇಕೆಂದರೆ ಡಿಸೆಂಬರ್ 13-14ರ ಮಿಥುನ ಉಲ್ಕಾವೃಷ್ಟಿ ಹಿಡಿಯಿರಿ. ಟೆಲಿಸ್ಕೋಪ್ ಬೇಡ, ಜಮಖಾನ, ಕಂಬಳಿ, ಗಡಿಯಾರ, ಪೆನ್ಸಿಲ್ ಸಾಕು. ಉಲ್ಕೆಗಳು ಚಿಮ್ಮಿದಂತೆ ಕಾಣುವ ಬಿಂದು ಪುನರ್ವಸುವಿನ ಜೋಡಿಯಲ್ಲಿ ಉತ್ತರದ ನಕ್ಷತ್ರದ ಪಕ್ಕದಲ್ಲಿದೆ. ನಮ್ಮಲ್ಲಿ ಅದು ಹುಟ್ಟುವುದು ಸಂಜೆ ಏಳೂವರೆ ದಾಟಿದ ಮೇಲೆ, ನೆತ್ತಿಯ ಸಮೀಪ ಬರುವುದು ರಾತ್ರಿ ಎರಡರ ಸುಮಾರಿಗೆ. ಗಂಟೆಗೆ 150 ಎಂದು ಸುದ್ದಿಯಲ್ಲಿ ಬರುವುದು ಬಿಂದು ನೆತ್ತಿಯಲ್ಲಿದ್ದು ಆಕಾಶ ಪೂರ್ತಿ ಕತ್ತಲಿದ್ದಾಗಿನ ಅಂದಾಜು. ಒಂಬತ್ತು ಗಂಟೆಗೆ ಅದರ ಕಾಲು ಭಾಗ ಬಂದರೂ ಹೆಚ್ಚು. ಆದ್ದರಿಂದ ಹನ್ನೊಂದಕ್ಕೆ ಶುರುಮಾಡಿ.

ಪ್ರತಿಯೊಬ್ಬರೂ ತಮ್ಮ ಕಣ್ಣಿಗೆ ಬಿದ್ದದ್ದನ್ನು ಮಾತ್ರ ಎಣಿಸಬೇಕು. ‘ಅಗೋ!’ ಎಂದು ಪಕ್ಕದವರು ಕೂಗಿದ್ದಕ್ಕೆ ತಿರುಗಿ ನೋಡಿ ಬರೆದುಕೊಂಡರೆ ಲೆಕ್ಕ ಕೆಡುತ್ತದೆ. 15 ನಿಮಿಷಕ್ಕೊಂದು ಸಾಲು: ಸಮಯ, ಮಿಥುನದ್ದೆಷ್ಟು, ಬೇರೆಯವೆಷ್ಟು, ಮೋಡ ಎಷ್ಟು ಪಾಲು, ಕಾಣುವ ಅತಿ ಮಂದ ನಕ್ಷತ್ರ ಯಾವುದು. ಉಲ್ಕೆಯ ಗೆರೆಯನ್ನು ಹಿಂದಕ್ಕೆ ಎಳೆದಾಗ ಪುನರ್ವಸುವಿಗೆ ಮುಟ್ಟದಿದ್ದರೆ ಅದು ‘ಬೇರೆ’. ಊಟ, ಚಹಾಕ್ಕೆ ಎದ್ದ ನಿಮಿಷಗಳನ್ನೂ ಬರೆಯಿರಿ, ಅವನ್ನು ಕಳೆಯದಿದ್ದರೆ ಗಂಟೆಯ ಲೆಕ್ಕ ತಪ್ಪುತ್ತದೆ. ಹೀಗೆ ಬರೆದ ಹಾಳೆ ಅಂತರರಾಷ್ಟ್ರೀಯ ಉಲ್ಕಾ ಸಂಘಟನೆಗೆ ಕಳಿಸಲು ಯೋಗ್ಯ.

ಬೆಳಕು, ಇಬ್ಬನಿ, ಕಟ್ಟಿಡುವುದು

ಟಾರ್ಚುಗಳಿಗೆ ಕೆಂಪು ಜೆಲಟಿನ್ ಕಾಗದ ಎರಡು ಪದರ ಸುತ್ತಿ. ಮೊಬೈಲ್ ಫೋಟೊ ಬೇಕೆನ್ನುವವರಿಗೆ ಕೊನೆಯ ಅರ್ಧ ಗಂಟೆ, ಒಂದೇ ಟೆಲಿಸ್ಕೋಪಿನಲ್ಲಿ, ಚಂದ್ರನನ್ನು ಬಿಟ್ಟುಕೊಡಿ. ಪರದೆಯಲ್ಲಿ ಚಂದ್ರನನ್ನು ಮುಟ್ಟಿ ಹೊಳಪು ಇಳಿಸದಿದ್ದರೆ ಬಿಳಿ ಮುದ್ದೆ ಬರುತ್ತದೆ. ಆಕಾಶದಲ್ಲಿ ನಕ್ಷತ್ರ ತೋರಿಸುವ ಹಸಿರು ಲೇಸರ್ ಒಬ್ಬರ ಕೈಯಲ್ಲಷ್ಟೇ ಇರಲಿ. ವಿಮಾನ ಕಂಡರೆ ತಕ್ಷಣ ಆರಿಸಬೇಕು, ಮಕ್ಕಳ ಕೈಗೆ ಕೊಡಲೇಬಾರದು. ಸೊಳ್ಳೆ ಕ್ರೀಮ್ ಹಚ್ಚಿದ ಕೈಯಿಂದ ಐಪೀಸ್ ಮುಟ್ಟಬೇಡಿ, ಅದರಲ್ಲಿರುವ ರಾಸಾಯನಿಕ ಪ್ಲಾಸ್ಟಿಕನ್ನು ಕರಗಿಸುತ್ತದೆ.

ಚಳಿಗಾಲದಲ್ಲಿ ಎಂಟೂವರೆ ದಾಟುತ್ತಿದ್ದಂತೆ ‘ಯಾಕೋ ಮಸುಕು’ ಎಂಬ ಮಾತು ಶುರುವಾದರೆ ಫೋಕಸ್ ತಿರುಗಿಸುವ ಮೊದಲು ಇಬ್ಬನಿ ನೋಡಿ. ಮೊದಲು ಒದ್ದೆಯಾಗುವುದು ಫೈಂಡರ್ ಮತ್ತು ಐಪೀಸ್, ಆಮೇಲೆ ಚಿಕ್ಕ ಕನ್ನಡಿ. ಟ್ಯೂಬಿನ ಬಾಯಿಗೆ ಯೋಗ ಮ್ಯಾಟ್ ಸುತ್ತಿ, ಬಾಯಿಯ ಅಗಲದ ಒಂದೂವರೆ ಪಟ್ಟು ಮುಂದಕ್ಕೆ ಚಾಚುವಂತೆ ಕಟ್ಟಿದರೆ ಬಹಳ ಹೊತ್ತು ತಡೆಯುತ್ತದೆ. ಬಳಸದ ಐಪೀಸ್ ಪ್ಯಾಂಟಿನ ಜೇಬಿನಲ್ಲಿ ಬೆಚ್ಚಗಿರಲಿ. ಇಬ್ಬನಿಯನ್ನು ಬಟ್ಟೆಯಿಂದ ಒರೆಸಬೇಡಿ. ಧೂಳಿನ ಕಣ ಉಜ್ಜಿ ಲೇಪಕ್ಕೆ ಗೀರು ಬೀಳುತ್ತದೆ. ಹೇರ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ, ದೂರದಿಂದ ಹಿಡಿಯಿರಿ.

ಕಾಡಿಗೆ, ರೆಪ್ಪೆಯ ಎಣ್ಣೆ ಐಪೀಸಿನ ಮೇಲೆ ಕೂತಿರುತ್ತದೆ. ಮೊದಲು ರಬ್ಬರ್ ಊದುಕದಿಂದ ಧೂಳು ಹಾರಿಸಿ, ಆಮೇಲೆ ಲೆನ್ಸ್ ಟಿಶ್ಯೂಗೆ ಒಂದು ಹನಿ ಲೆನ್ಸ್ ದ್ರಾವಣ ಹಾಕಿ ನಡುವಿನಿಂದ ಹೊರಕ್ಕೆ ಮೆಲ್ಲಗೆ ಒರೆಸಿ. ದ್ರಾವಣವನ್ನು ನೇರವಾಗಿ ಗಾಜಿನ ಮೇಲೆ ಸುರಿದರೆ ಅಂಚಿನಿಂದ ಒಳಗಿಳಿಯುತ್ತದೆ.

ಒದ್ದೆ ಟ್ಯೂಬಿಗೆ ಮುಚ್ಚಳ ಹಾಕಿ ಚೀಲ ಕಟ್ಟಿಬಿಡುವುದು ಎಲ್ಲರೂ ಮಾಡುವ ತಪ್ಪು. ಮನೆಗೆ ತಂದ ಮೇಲೆ ಮುಚ್ಚಳ ತೆಗೆದು, ಟ್ಯೂಬಿನ ಬಾಯಿ ತುಸು ಕೆಳಮುಖವಾಗಿರುವಂತೆ ಮಲಗಿಸಿ, ಫ್ಯಾನಿನಡಿ ಬೆಳಗಿನವರೆಗೆ ಬಿಡಿ. ಒಣಗಿದ ಮೇಲೆಯೇ ಮುಚ್ಚಿ. ಐಪೀಸುಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ, ಮಳೆಗಾಲದಲ್ಲಿ ಪೊಟ್ಟಣವನ್ನು ಆಗಾಗ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಒಣಗಿಸಿಕೊಳ್ಳಿ. ಮಂಗಳೂರು, ಕಾರವಾರದ ಕಡೆಯವರು ಇದನ್ನು ಬಿಟ್ಟರೆ ಗಣೇಶ ಚೌತಿಯ ಹೊತ್ತಿಗೆ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿರಬಹುದು, ಅದನ್ನು ಮನೆಯಲ್ಲಿ ತೆಗೆಯಲು ಬರುವುದಿಲ್ಲ.